ಮೂರು ದಿನದ ಮುಂಗಡ

ಉಗಾದಿ ಹತ್ತಿರವಾದಂತೆ ಒಂದು ವಿಡಿಯೋ ವಾಟ್ಸಾಪ್ ಗುಂಪುಗಳಲ್ಲಿ ಸುತ್ತು ಹೊಡೆಯಲು ಶುರುವಾಗುತ್ತದೆ. ಆಗಷ್ಟೇ ಮೊಟ್ಟೆಯೊಡೆದು ಬಂದ, ಮೈಮೇಲೆ ಒಂದು ಎಳೆ ಪುಕ್ಕವೂ ಇಲ್ಲದ, ಕಣ್ಣೂ ತೆರೆಯದ ಮರಿಯೊಂದು ಪಕ್ಕದ ಮೊಟ್ಟೆಯನ್ನು ಬೆನ್ನಿನ ಕುಳಿಯಲ್ಲಿ ಕೂರಿಸಿಕೊಂಡು, ಹಿಂದೆ ಹಿಂದೆ ಸರಿಯುತ್ತಾ ಗೂಡಿನ ಅಂಚಿಗೆ ಹತ್ತಿ, ಹೊರಗೆ ಉರುಳಿಸುತ್ತದೆ. ಕೆಳಗೆ ಕನ್ನಡದಲ್ಲಿ ಅಡಿಬರಹ: 'ಕೋಗಿಲೆಯ ನಿಜವಾದ ಮುಖ ನೋಡಿ, ಇಷ್ಟು ದಿನ ಇದರ ಹಾಡಿಗೆ ಮರುಳಾಗಿದ್ದೆವು.' ಆಮೇಲೆ ಕೈಮುಗಿಯುವ ಚಿಹ್ನೆ, ಕಲಿಗಾಲದ ಬಗ್ಗೆ ಎರಡು ಮಾತು. ವಿಡಿಯೋ ಸುಳ್ಳಲ್ಲ. ಆದರೆ ಅದರಲ್ಲಿರುವುದು ನಮ್ಮ ಕೋಗಿಲೆಯಲ್ಲ. ಗೂಡನ್ನು ಸ್ವಲ್ಪ ಗಮನಿಸಿದರೂ ಗೊತ್ತಾಗುತ್ತದೆ: ಜೊಂಡಿನ ನಾಲ್ಕು ಕಡ್ಡಿಗಳ ನಡುವೆ ಹೆಣೆದ, ಟೀ ಕಪ್ಪಿನಷ್ಟಿರುವ ಗೂಡು ಅದು. ಅಲ್ಲಿ ಮರಿ ಹಾಕಿರುವುದು ಯುರೋಪಿನವರು ಕುಕ್ಕೂ ಎಂದು ಕರೆಯುವ ಬೂದು ಹಕ್ಕಿ. ಅದಕ್ಕೆ ಅನ್ನ ಹಾಕಬೇಕಾದ ಬಡಪಾಯಿ ರೀಡ್ ವಾರ್ಬ್ಲರ್, ತೂಕ ಹನ್ನೆರಡು ಗ್ರಾಂ ಆಸುಪಾಸು. ಆ ಮರಿ ಹೀಗೆ ತಳ್ಳುತ್ತದೆ ಎಂದು ಕಣ್ಣಾರೆ ಕಂಡು 1788ರಲ್ಲಿ ಬರೆದವನು ಎಡ್ವರ್ಡ್ ಜೆನ್ನರ್, ಮುಂದೆ ಸಿಡುಬಿಗೆ ಲಸಿಕೆ ಕೊಟ್ಟ ಅದೇ ಜೆನ್ನರ್. ಆಗ ಅವನ ಮಾತನ್ನು ನಂಬದವರೇ ಹೆಚ್ಚು. ಇನ್ನೂರು ಚಿಲ್ಲರೆ ವರ್ಷ ಕಳೆದ ಮೇಲೆ ನಾವು ಅದನ್ನು ಎಷ್ಟು ನಂಬಿದ್ದೇವೆಂದರೆ, ನಮ್ಮ ಬೀದಿಯ ಕಾಗೆಗೂಡಿಗೂ ತಂದು ಅಂಟಿಸಿಬಿಟ್ಟಿದ್ದೇವೆ.

ನಮ್ಮ ಕೋಗಿಲೆಯ ಮರಿ ಹೀಗೆ ತಳ್ಳುವ ಜಾತಿಯದಲ್ಲ. ಅದೇ ಗೂಡಿನಲ್ಲಿ, ಅದೇ ಕಾಗೆಯ ಮರಿಗಳ ಮಗ್ಗುಲಲ್ಲೇ ಬೆಳೆಯುತ್ತದೆ. ಹಾಗಂತ ಕಾಗೆಗೆ ನಷ್ಟವಿಲ್ಲ ಎಂದಲ್ಲ. ನಷ್ಟ ಆಗುವ ಬಗೆ ಬೇರೆ. ಇಲ್ಲಿ ದೈಹಿಕ ಹಿಂಸೆ ಕಡಿಮೆ, ಲೆಕ್ಕಾಚಾರ ಜಾಸ್ತಿ. ಇಡೀ ಆಟ ನಿಂತಿರುವುದು ಎರಡು ಮೂರು ದಿನಗಳ ವ್ಯತ್ಯಾಸದ ಮೇಲೆ. ಆ ದಿನಗಳನ್ನು ಎಣಿಸದೆ ಕೋಗಿಲೆಯನ್ನು ಹೊಗಳುವುದೂ ಬೈಯುವುದೂ ಎರಡೂ ದಂಡ.

ಹಾಡುವವನು, ಹಾಡದವಳು

ಗುರುತಿನ ವಿಷಯ ಬೇಗ ಮುಗಿಸೋಣ. ಕುಹೂ ಎನ್ನುವುದು ಗಂಡು. ಮೈ ಎಣ್ಣೆ ಹಚ್ಚಿದಂತೆ ನೀಲಿಗಪ್ಪು, ಕೊಕ್ಕು ಮಾಸಲು ಹಸಿರು, ಕಣ್ಣು ಕುಂಕುಮದ ಕೆಂಪು. ಒಂದೊಂದು ಕೂಗಿಗೂ ಸ್ವರ ಒಂದು ಮೆಟ್ಟಿಲು ಮೇಲೇರಿ, ಏಳೆಂಟರ ಹೊತ್ತಿಗೆ ಕಿರುಚಾಟಕ್ಕೆ ಬಂದು, ತಟ್ಟನೆ ಕಡಿದುಹೋಗುತ್ತದೆ. ಹೆಣ್ಣು ಕಂದು ಬಣ್ಣದ್ದು, ಬೆನ್ನ ತುಂಬ ಬಿಳಿ ಚುಕ್ಕೆ, ಹೊಟ್ಟೆ ಮತ್ತು ಬಾಲಕ್ಕೆ ಅಡ್ಡಪಟ್ಟೆ. ಅದರ ದನಿ 'ಕಿಕ್-ಕಿಕ್-ಕಿಕ್' ಎಂಬ ಗಡಿಬಿಡಿಯ ಕೀರಲು, ಇದನ್ನು ಹಾಡು ಎಂದು ಯಾರೂ ಕರೆಯಲಾರರು. ಹಾಡುವ ಹೆಣ್ಣುಮಕ್ಕಳಿಗೆಲ್ಲ ನಾವು ಗಾನಕೋಗಿಲೆ ಎಂದು ಬಿರುದು ಕೊಡುತ್ತೇವೆ, ಅತ್ತ ಹೆಣ್ಣು ಕೋಗಿಲೆ ಎದುರಿಗೇ ಬಂದು ಕೂತರೂ 'ಇದ್ಯಾವುದೋ ಗಿಡುಗದ ಮರಿ ಇರಬೇಕು' ಎನ್ನುತ್ತೇವೆ. ವಿಜ್ಞಾನದಲ್ಲಿ ಮಾತ್ರ ಕಥೆ ಉಲ್ಟಾ. 1758ರಲ್ಲಿ ಲಿನ್ನೇಯಸ್ ಈ ಹಕ್ಕಿಗೆ ಹೆಸರಿಟ್ಟಾಗ ಅವನ ಮುಂದಿದ್ದದ್ದು ಜಾರ್ಜ್ ಎಡ್ವರ್ಡ್ಸ್ ಬರೆದಿದ್ದ, ಕಂದು ಮೈಯ ಚುಕ್ಕೆ ಹಕ್ಕಿಯ ಚಿತ್ರ. ಅದಕ್ಕೇ 'ಸ್ಕೊಲೊಪೇಸಿಯಸ್', ಅಂದರೆ ಉಲ್ಲಂಕಿಯಂತೆ ಚುಕ್ಕೆಯುಳ್ಳದ್ದು. ಕರಿಗಂಡು ಇವತ್ತಿಗೂ ಆ ಚುಕ್ಕೆಯ ಹೆಸರನ್ನೇ ಹೊತ್ತು ಓಡಾಡುತ್ತಿದೆ.

ಗಾತ್ರದಲ್ಲಿ ಕೋಗಿಲೆಯೂ ಮನೆಗಾಗೆಯೂ ಹೆಚ್ಚುಕಮ್ಮಿ ಒಂದೇ, ಎರಡೂ ನಲವತ್ತು ಸೆಂಟಿಮೀಟರ್ ಆಚೀಚೆ. ಕಾಗೆ ತುಸು ದಪ್ಪ, ಕೋಗಿಲೆಗೆ ಬಾಲ ಉದ್ದ. ಮೊಟ್ಟೆಗೆ ಬಂದಾಗ ಈ ಸಮಾನತೆ ಉಳಿಯುವುದಿಲ್ಲ. ಕಾಗೆಯ ಮೊಟ್ಟೆ ಸುಮಾರು 37 ಮಿಲಿಮೀಟರ್ ಉದ್ದ, 27 ಅಗಲ. ಕೋಗಿಲೆಯದು 31 ಉದ್ದ, 23 ಅಗಲ. ಅಳತೆಯಲ್ಲಿ ಸಣ್ಣ ಅಂತರ ಅನ್ನಿಸಬಹುದು. ಒಳಗಿನ ಗಾತ್ರ ಲೆಕ್ಕ ಹಾಕಿದರೆ ಕೋಗಿಲೆಯ ಮೊಟ್ಟೆ ಕಾಗೆಯದರ ಅರವತ್ತು ಶೇಕಡ ಮಾತ್ರ. ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಹಕ್ಕಿ ಇಷ್ಟು ಪುಟ್ಟ ಮೊಟ್ಟೆ ಏಕೆ ಇಡಬೇಕು? ಮರಿಯನ್ನು ತಾನೇ ಸಾಕುವ ಹಕ್ಕಿಯಾದರೆ ಇದು ಜಿಪುಣತನ. ಇನ್ನೊಬ್ಬರ ಗೂಡಿನಲ್ಲಿಟ್ಟು ಹೋಗುವ ಹಕ್ಕಿಗೆ ಇದು ಬಂಡವಾಳದ ಉಳಿತಾಯ. ಚಿಕ್ಕ ಮೊಟ್ಟೆ ಬೇಗ ಬಲಿಯುತ್ತದೆ, ತಾಯಿಯ ಮೈಗೂ ಹಗುರ, ಒಂದೇ ಋತುವಿನಲ್ಲಿ ನಾಲ್ಕಾರು ಗೂಡುಗಳಿಗೆ ಹಂಚಲು ಸಾಕಾಗುತ್ತದೆ.

ಒಂದು ಗೂಡಿನ ಲೆಕ್ಕ

ಬೀದಿ ತಿರುವಿನ ಗುಲ್‌ಮೊಹರ್ ಮರದಲ್ಲಿ, ಎದುರಿನ ಮೂರನೇ ಮಹಡಿಯ ಬಾಲ್ಕನಿಗೆ ಸರಿಯಾಗಿ ಕಣ್ಣಳತೆಯಲ್ಲಿ ಸಿಗುವ ಒಂದು ಕಾಗೆಗೂಡನ್ನು ತೆಗೆದುಕೊಳ್ಳಿ. ಹೊರಗೆ ಕಡ್ಡಿ, ಕಟ್ಟಡದವರು ಬಿಟ್ಟುಹೋದ ಕಟ್ಟುತಂತಿ, ಒಂದೆರಡು ಹ್ಯಾಂಗರಿನ ತುಂಡು. ನಡುವಿನ ಬಟ್ಟಲಿಗೆ ತೆಂಗಿನನಾರು, ಕೂದಲು, ಗೋಣಿದಾರ. ಗೂಡು ಮುಗಿಯುವ ತನಕ ಕೋಗಿಲೆಗೆ ಅದು ಉಪಯೋಗವಿಲ್ಲ. ಖಾಲಿ ಗೂಡಿಗೆ ಅದು ಮೊಟ್ಟೆ ಇಡುವುದಿಲ್ಲ. ಆದರೆ ಕಡ್ಡಿ ಹೊರುವ ದಿನದಿಂದಲೇ ಅದು ನೋಡುತ್ತಿರುತ್ತದೆ. ಎಲೆ ದಟ್ಟವಾಗಿರುವ ಪಕ್ಕದ ಹೊಂಗೆಯಲ್ಲೋ ಮಾವಿನಲ್ಲೋ ಹೆಣ್ಣು ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತದೆ. ಬೈನಾಕ್ಯುಲರ್ ಹಿಡಿದವರು ಸೋಲುವುದು ಇಲ್ಲಿಯೇ: ಕೂಗುವ ಗಂಡಿನ ಕಡೆಗೇ ಗಮನ ಹರಿಸಿ, ಸದ್ದಿಲ್ಲದ ಹೆಣ್ಣನ್ನು ಬಿಟ್ಟುಬಿಡುತ್ತಾರೆ.

ಕಾಗೆ ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ ಇಡುತ್ತದೆ. ತಿಳಿ ನೀಲಿಹಸಿರು ಚಿಪ್ಪು, ಮೇಲೆ ಕಂದು ಗೀರು, ಚುಕ್ಕಿ. ಮೊದಲ ಮೊಟ್ಟೆ ಬಿದ್ದ ದಿನ ಒಂದನೇ ದಿನ ಎಂದುಕೊಳ್ಳೋಣ. ಎಲ್ಲವೂ ಸರಿಹೋದರೆ ಎರಡನೇ ಅಥವಾ ಮೂರನೇ ದಿನ ಕೋಗಿಲೆ ತನ್ನದನ್ನು ಸೇರಿಸುತ್ತದೆ. ಅದರ ಚಿಪ್ಪು ಬೂದು ಬೆರೆತ ಹಸಿರು, ಮೇಲೆ ಕೆಂಗಂದು ಕಲೆ. ದೂರದಿಂದ ಕಾಗೆಯದೇ ಅನ್ನಿಸಬೇಕು, ಹತ್ತಿರ ಇಟ್ಟು ನೋಡಿದರೆ ಮಗುವಿಗೂ ಗೊತ್ತಾಗಬೇಕು, ಅಷ್ಟರಮಟ್ಟಿನ ನಕಲು. ಕೆಲವೊಮ್ಮೆ ಹೆಣ್ಣು ಹೋಗುವಾಗ ಕಾಗೆಯ ಒಂದು ಮೊಟ್ಟೆಯನ್ನು ತೆಗೆದುಬಿಡುತ್ತದೆ, ಕೆಲವೊಮ್ಮೆ ಅದೂ ಇಲ್ಲ.

ಕಾಗೆಯ ಮೊಟ್ಟೆ ಬಿರಿಯಲು ಹದಿನಾರು ಹದಿನೇಳು ದಿನ ಕಾವು ಬೇಕು. ಕೋಗಿಲೆಯದಕ್ಕೆ ಹನ್ನೆರಡರಿಂದ ಹದಿನಾಲ್ಕು ಸಾಕು. ಎರಡನೇ ದಿನ ಇಟ್ಟ ಕೋಗಿಲೆ ಮೊಟ್ಟೆ ಹದಿನೈದನೇ ದಿನ ಬಿರಿಯುತ್ತದೆ. ಕಾಗೆಯ ಮೊದಲ ಮರಿ ಹೊರಬರುವುದು ಹದಿನೇಳು, ಹದಿನೆಂಟರಂದು. ಅದೇ ಮೂರು ದಿನದ ಮುಂಗಡ. ಮೂರು ದಿನವೆಂದರೆ ನಮಗೆ ಏನೂ ಅಲ್ಲ. ಮರಿಹಕ್ಕಿಯ ಲೋಕದಲ್ಲಿ ಅದು ಹಸುಗೂಸಿಗೂ ಓಡಾಡುವ ಮಗುವಿಗೂ ಇರುವ ವ್ಯತ್ಯಾಸ. ಕಾಗೆಯ ಮರಿ ತಲೆ ಎತ್ತುವಷ್ಟರಲ್ಲಿ ಪಕ್ಕದ ಮರಿ ಅದರ ಎರಡು ಮೂರು ಪಟ್ಟು ದಪ್ಪ, ಕತ್ತು ಉದ್ದ, ದನಿ ಜೋರು. ತಂದೆತಾಯಿ ಕಾಗೆಗಳು ಯಾರ ಬಾಯಿ ಎತ್ತರದಲ್ಲಿದೆಯೋ, ಯಾರ ಕೂಗು ಜೋರಾಗಿದೆಯೋ ಆ ಬಾಯಿಗೆ ತುತ್ತಿಡುತ್ತವೆ. ತಳ್ಳಬೇಕಾದ ಅಗತ್ಯವೇ ಇಲ್ಲ. ಕೊನೆಗೆ ಬಿರಿದ ಕಾಗೆಮರಿ ಎರಡು ದಿನದಲ್ಲಿ ಹಸಿವಿನಿಂದ ಸಾಯುತ್ತದೆ, ಮೊದಲನೆಯದು ಉಳಿದರೂ ಉಳಿಯಬಹುದು. ಒಂದೇ ಗೂಡಿನಿಂದ ಕೋಗಿಲೆಯ ಮರಿಯೂ ಕಾಗೆಯ ಮರಿಯೂ ಹಾರಿಹೋಗಿರುವುದು ಅಪರೂಪದ ಪವಾಡವೇನಲ್ಲ.

ಈಗ ಲೆಕ್ಕ ತಪ್ಪಿದರೆ ಏನಾಗುತ್ತದೆ ನೋಡಿ. ಕೋಗಿಲೆ ಐದನೇ ದಿನಕ್ಕೆ ಬಂದು ಇಟ್ಟಿತು ಎಂದುಕೊಳ್ಳಿ. ಮರಿ ಹದಿನೆಂಟನೇ ದಿನಕ್ಕೆ ಹೊರಗೆ ಬರುತ್ತದೆ, ಕಾಗೆಯ ಮೊದಲ ಮರಿಯ ಜೊತೆಜೊತೆಗೇ. ಮೊಟ್ಟೆ ಚಿಕ್ಕದಾದ್ದರಿಂದ ಮರಿಯೂ ಚಿಕ್ಕದು, ಮುಂಗಡವಿಲ್ಲ. ಎಂಟನೇ ದಿನ ಇಟ್ಟರೆ ಮುಗಿದೇಹೋಯಿತು: ಮೂರು ದಿನ ದೊಡ್ಡವಾದ ಕಾಗೆಮರಿಗಳ ಕಾಲಡಿಗೆ ಬಂದು ಬೀಳುತ್ತದೆ. ಬೇಗ ಇಟ್ಟರೂ ಕಷ್ಟ, ಕಾಗೆ ತನ್ನದೇ ಮೊಟ್ಟೆ ಇಲ್ಲದ ಗೂಡಿನಲ್ಲಿ ಏನನ್ನಾದರೂ ಕಂಡರೆ ಸುಮ್ಮನಿರುತ್ತದೆಂಬ ಭರವಸೆ ಇಲ್ಲ. ಕೋಗಿಲೆಗೆ ಸಿಗುವ ಕಿಟಕಿ ಎರಡು ಮೂರು ದಿನದ್ದು, ಅದರಲ್ಲೂ ಕಾಗೆ ಗೂಡು ಬಿಟ್ಟೇಳುವ ಕೆಲವು ನಿಮಿಷಗಳು. ಗಂಟೆಗಟ್ಟಲೆ ಅಲ್ಲಾಡದೆ ಕೂರುವ ಆ ಹೆಣ್ಣು ಕಾಯುತ್ತಿರುವುದು ಇದನ್ನೇ.

ಇನ್ನೊಂದು ತೊಡಕು, ಕೋಗಿಲೆಗೆ ಕೋಗಿಲೆಯೇ ಪೈಪೋಟಿ. ಕಾಗೆ ಕಮ್ಮಿ, ಕೋಗಿಲೆ ಜಾಸ್ತಿ ಇರುವ ಕಡೆ ಒಂದೇ ಗೂಡಿಗೆ ಹಲವು ಹೆಣ್ಣುಗಳು ಬರುತ್ತವೆ. ಒಂದೇ ಕಾಗೆಗೂಡಿನಲ್ಲಿ ಏಳು ಮತ್ತು ಅದಕ್ಕೂ ಹೆಚ್ಚು ಕೋಗಿಲೆ ಮೊಟ್ಟೆಗಳು ಸಿಕ್ಕಿರುವ ದಾಖಲೆಗಳಿವೆ. ಎಲ್ಲವಕ್ಕೂ ಕಾವು ಕೊಡಲು ಕಾಗೆಯ ಹೊಟ್ಟೆಯಡಿ ಜಾಗವಿಲ್ಲ, ಹುಟ್ಟಿದವಕ್ಕೆಲ್ಲ ಉಣಿಸುವ ಶಕ್ತಿಯೂ ಇಲ್ಲ. ಅಂಥ ಗೂಡಿನಲ್ಲಿ ಮೋಸ ಮಾಡಿದವರೂ ಮೋಸ ಹೋದವರೂ ಒಟ್ಟಿಗೇ ಸೋಲುತ್ತಾರೆ.

ಕುಕ್ಕೂ ಜಾತಿಯ ಪರಾವಲಂಬಿಗಳಲ್ಲಿ ಇನ್ನೊಂದು ಉಪಾಯ ಪತ್ತೆಯಾಗಿದೆ. ಯುರೋಪಿನ ಕುಕ್ಕೂ ತನ್ನ ಸಿದ್ಧವಾದ ಮೊಟ್ಟೆಯನ್ನು ಮೈಯೊಳಗೇ ಇನ್ನೊಂದು ದಿನ ಇಟ್ಟುಕೊಂಡಿರುತ್ತದೆ. ಒಡಲ ಬಿಸಿಯಲ್ಲಿ ಭ್ರೂಣ ಅಲ್ಲೇ ಬೆಳೆಯಲು ಶುರುಮಾಡುತ್ತದೆ, ಗೂಡಿಗೆ ಬೀಳುವಾಗಲೇ ಒಂದು ದಿನ ಮುಂದಿರುತ್ತದೆ. ನಮ್ಮ ಕೋಗಿಲೆಯ ಮುಂಗಡದಲ್ಲಿ ಇದರ ಪಾಲೂ ಇದ್ದರೆ ಆಶ್ಚರ್ಯವಿಲ್ಲ.

ಕಾವಲು ಬಾಗಿಲಲ್ಲಿ, ಒಳಮನೆಯಲ್ಲಲ್ಲ

ಕಾಗೆ ದಡ್ಡ ಹಕ್ಕಿಯಾಗಿದ್ದರೆ ಇದರಲ್ಲಿ ಯೋಚಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಕಾಗೆ ಮನುಷ್ಯನ ಮುಖ ನೆನಪಿಟ್ಟುಕೊಳ್ಳುತ್ತದೆ. ಒಣ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿನ್ನುತ್ತದೆ. ಕೋಗಿಲೆ ಯಾರು, ಏಕೆ ಬಂದಿದೆ ಎಂಬುದೂ ಅದಕ್ಕೆ ಗೊತ್ತು. ಗಂಡು ಕೋಗಿಲೆ ಗೂಡಿನ ಮರದ ಮೇಲೆ ಕೂತು ಒಂದು ಸಲ ಕೂಗಿದರೆ ಸಾಕು, ಕಾಗೆ ಬಾಣದಂತೆ ನುಗ್ಗುತ್ತದೆ. ಗಂಡು ಮುಂದೆ, ಕಾಗೆ ಹಿಂದೆ, ಮನೆ ಮನೆಗಳ ನಡುವೆ, ವಿದ್ಯುತ್ ತಂತಿಗಳ ಕೆಳಗೆ ತಿರುಗಿ ತಿರುಗಿ ಓಟ. ಕೆಲವೊಮ್ಮೆ ಇದೇ ಅವಕಾಶವಾಗಿ ಹೆಣ್ಣು ಹೊಂಗೆಯಿಂದ ತಗ್ಗಿ ಹಾರಿ ಗೂಡಿಗೆ ಇಳಿಯುತ್ತದೆ, ಇಟ್ಟು, ಎದ್ದು ಹೋಗುತ್ತದೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಗಂಡು ಹೆಣ್ಣು ಸೇರಿ ಹೂಡುವ ತಂತ್ರ ಎಂದು ಇದನ್ನು ಬಹಳ ಮಂದಿ ಬರೆದಿದ್ದಾರೆ. ಅದು ನಡೆಯುತ್ತದೆ, ಆದರೆ ಅದೇ ನಿಯಮ ಎಂದುಕೊಂಡರೆ ತಪ್ಪು. ಎಷ್ಟೋ ಸಲ ಹೆಣ್ಣು ಒಂಟಿಯಾಗಿಯೇ ಬಂದು, ಯಾರ ಸಹಾಯವಿಲ್ಲದೆ ಇಟ್ಟು ಹೋಗುತ್ತದೆ.

ಹೀಗೆ ಬಾಗಿಲಲ್ಲಿ ಇಷ್ಟು ಕಟ್ಟುನಿಟ್ಟಾದ ಕಾವಲಿಟ್ಟ ಕಾಗೆ, ಒಳಗೆ ಬಂದ ಮೇಲೆ ಏನನ್ನೂ ಕೇಳುವುದಿಲ್ಲ. ಬೇರೆ ಬಣ್ಣದ, ಬೇರೆ ಗಾತ್ರದ ಮೊಟ್ಟೆಯ ಮೇಲೆ ನೆಮ್ಮದಿಯಾಗಿ ಕೂರುತ್ತದೆ. ನವಜಾತ ಕೋಗಿಲೆಯ ಚರ್ಮ ಕಪ್ಪು, ಕಾಗೆಮರಿಯದು ಗುಲಾಬಿ. ಆದರೂ ಅನುಮಾನವಿಲ್ಲ. ಏಕೆ? ಒಂದು ವಾದ: ಕಾಗೆಯ ಮೊಟ್ಟೆಗಳು ಒಂದರಂತೆ ಇನ್ನೊಂದಿರುವುದಿಲ್ಲ, ಒಂದೇ ತಾಯಿಯ ಒಂದೇ ಗೂಡಿನಲ್ಲೂ ಬಣ್ಣ, ಚುಕ್ಕಿ ಬದಲಾಗುತ್ತವೆ. 'ಇದು ನನ್ನದಲ್ಲ' ಎಂದು ಎತ್ತಿ ಹಾಕುವ ಅಭ್ಯಾಸವಿರುವ ಕಾಗೆ ತನ್ನದನ್ನೇ ಎಸೆಯುವ ಅಪಾಯ ದೊಡ್ಡದು. ಇನ್ನೊಂದು ವಾದ ನನಗೆ ಹೆಚ್ಚು ಹಿಡಿಸುತ್ತದೆ: ಕೋಗಿಲೆ ಮರಿ ತಳ್ಳುವುದಿಲ್ಲವಾದ್ದರಿಂದ ಕಾಗೆಯ ಸಂಸಾರ ಪೂರ್ತಿ ಮುಳುಗುವುದಿಲ್ಲ. ನಷ್ಟ ಅರ್ಧಂಬರ್ಧ ಇರುವಾಗ ಅದರ ವಿರುದ್ಧ ದೊಡ್ಡ ರಕ್ಷಣಾ ವ್ಯವಸ್ಥೆ ಬೆಳೆಯಲು ಒತ್ತಡ ಕಡಿಮೆ. ಆಸ್ಟ್ರೇಲಿಯಾದಲ್ಲಿ ಇದೇ ಕುಲದ ಇನ್ನೊಂದು ಕೋಗಿಲೆ ಇದೆ. ಅದು ಕಾಗೆಯನ್ನು ಬಿಟ್ಟು ಫ್ರಯರ್‌ಬರ್ಡ್, ಫಿಗ್‌ಬರ್ಡ್ ಮುಂತಾದ ಹಕ್ಕಿಗಳ ಗೂಡಿಗೆ ಹೋಗುತ್ತದೆ. ಅದರ ಮರಿ ಜೊತೆಯವರನ್ನು ಹೊರಗೆ ತಳ್ಳುತ್ತದೆ. ಅಣ್ಣತಮ್ಮಂದಿರಂಥ ಎರಡು ಜಾತಿ, ಒಂದು ತಳ್ಳುತ್ತದೆ, ಒಂದು ತಳ್ಳುವುದಿಲ್ಲ. ಕಾಗೆಗೂಡಿನ ಬಟ್ಟಲು ಆಳ, ಕಾಗೆಯ ಮೊಟ್ಟೆ ಭಾರ. ಆ ಅಂಚಿಗೆ ಅದನ್ನು ಹೊತ್ತು ಹತ್ತುವ ಶ್ರಮದಲ್ಲಿ ಮರಿಯೇ ಸೋಲಬಹುದು. ಕಾರಣ ಇದೊಂದೇ ಇರಲಾರದು, ಆದರೆ ಗೂಡಿನ ಆಕಾರವನ್ನು ಬಿಟ್ಟು ಮರಿಯ ಸ್ವಭಾವವನ್ನು ಮಾತ್ರ ನೋಡಿದರೆ ವಾಟ್ಸಾಪಿನ ಅಡಿಬರಹವೇ ಗತಿ.

ನಮ್ಮ ಹಿರಿಯರು ಇದನ್ನು ಚೆನ್ನಾಗಿಯೇ ನೋಡಿದ್ದರು. ಅಮರಕೋಶದಲ್ಲಿ ಕೋಗಿಲೆಗೆ 'ಪರಭೃತ' ಎಂಬ ಹೆಸರಿದೆ, ಬೇರೆಯವರಿಂದ ಸಾಕಲ್ಪಟ್ಟದ್ದು ಎಂದರ್ಥ. ಕಾಗೆಗೆ 'ಪರಭೃತ್', ಬೇರೆಯವರನ್ನು ಸಾಕುವುದು. ಕೊನೆಯ ಅಕಾರ ಒಂದು ಇದ್ದರೆ ಉಂಡವನು, ಇಲ್ಲದಿದ್ದರೆ ಉಣಿಸಿದವನು. ಎರಡು ಹಕ್ಕಿಗಳ ಸಂಬಂಧವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ಸಾಧ್ಯವಿಲ್ಲ. ಮೊಗಲ್ ದೊರೆ ಜಹಾಂಗೀರ್ ಕೂಡ ಕೋಗಿಲೆ ಕಾಗೆಯ ಮೊಟ್ಟೆ ಒಡೆದು ಹಾಕಿ ತನ್ನದನ್ನು ಇಡುತ್ತದೆಂದೂ, ಇದನ್ನು ಅಲಹಾಬಾದಿನಲ್ಲಿ ತಾನೇ ಕಂಡಿದ್ದೇನೆಂದೂ ಬರೆದಿಟ್ಟಿದ್ದಾನೆ. ಗಂಡು ಪೂರ್ತಿ ಕಪ್ಪು, ಹೆಣ್ಣಿಗೆ ಬಿಳಿ ಚುಕ್ಕೆ, ಕಣ್ಣು ಕೆಂಪು ಎಂಬ ವಿವರವೂ ಅವನಲ್ಲಿದೆ. ಒಟ್ಟಿನಲ್ಲಿ ನೋಡುವವರಿಗೆ ಕೊರತೆ ಇರಲಿಲ್ಲ. ತಳ್ಳುವ ಕಥೆ ಇಂಗ್ಲಿಷ್ ಪಠ್ಯಪುಸ್ತಕಗಳ ಜೊತೆ ಬಂದದ್ದು, ಕುಕ್ಕೂ ಎಂದಿದ್ದಲ್ಲೆಲ್ಲ ಕೋಗಿಲೆ ಎಂದು ಬರೆದುಕೊಂಡ ನಮ್ಮ ಅನುವಾದದ ಪ್ರಸಾದ.

ಅಂದಹಾಗೆ ಈ ಕುಟುಂಬವೆಲ್ಲ ಕಳ್ಳರದ್ದು ಎಂದು ತೀರ್ಮಾನಿಸಬೇಡಿ. ನವಿಲನ್ನು ನೋಡಿ ಪುಕ್ಕ ತರಿದುಕೊಂಡಿತೆಂದು ಗಾದೆಯಲ್ಲಿ ನಗೆಪಾಟಲಾದ ಕೆಂಬೂತವೂ ಕೋಗಿಲೆಯ ದಾಯಾದಿಯೇ. ಅದು ಸ್ವಂತ ಗೂಡು ಕಟ್ಟಿ, ಗಂಡು ಹೆಣ್ಣು ಸೇರಿ ಕಾವು ಕೊಟ್ಟು, ಮರ್ಯಾದೆಯಾಗಿ ಮಕ್ಕಳನ್ನು ಸಾಕುತ್ತದೆ. ಗಾದೆ ಮಾಡಿದವರು ಅದಕ್ಕೆ ಅನ್ಯಾಯ ಮಾಡಿದ್ದಾರೆ.

ಚೈತ್ರವಲ್ಲ, ಕಾಗೆಯ ಪಂಚಾಂಗ

ಮಾವು ಚಿಗುರಿತು, ಚಿಗುರು ತಿಂದು ಕೋಗಿಲೆಗೆ ಕಂಠ ಬಂತು ಎನ್ನುವುದು ನಮಗೆಲ್ಲ ರಕ್ತಗತವಾದ ನಂಬಿಕೆ. ಕೋಗಿಲೆ ಎಲ್ಲಿಂದಲೋ ಬಂದದ್ದಲ್ಲ. ಕರ್ನಾಟಕದ ಊರು, ತೋಟ, ನಗರಗಳಲ್ಲಿ ಅದು ವರ್ಷವಿಡೀ ಇರುತ್ತದೆ. ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟೆ. ಕೂಗದ ಕೋಗಿಲೆ ನಮ್ಮ ಪಾಲಿಗೆ ಇಲ್ಲದ ಕೋಗಿಲೆ. ಅದರ ಕೂಗಿನ ಕಾಲ ಮಾರ್ಚಿನಿಂದ ಆಗಸ್ಟಿನವರೆಗೆ ಹರಡಿಕೊಂಡಿದೆ. ಬೇಸಿಗೆ ಏರಿದಂತೆ ಬೆಳಗಿನ ನಾಲ್ಕಕ್ಕೇ ಶುರು, ಬೀದಿದೀಪದ ಬೆಳಕಿರುವ ಕಡೆ ಇನ್ನೂ ಮೊದಲೇ. ಈ ಕಾಲ ಮಾವಿನ ಚಿಗುರಿಗಿಂತ ಹೆಚ್ಚು ಕರಾರುವಾಕ್ಕಾಗಿ ಹೊಂದುವುದು ಮನೆಗಾಗೆಯ ಸಂಸಾರದ ಕಾಲಕ್ಕೆ. ಕೊರಳಿಗೆ ಬೂದು ಪಟ್ಟಿ ಇಲ್ಲದ, ಪೂರ್ತಿ ಕಪ್ಪಾದ ಕಾಡುಕಾಗೆ ನಮ್ಮಲ್ಲಿ ಮನೆಗಾಗೆಗಿಂತ ಮೊದಲೇ ಗೂಡಿಗೆ ಇಳಿಯುತ್ತದೆ. ಮಲೆನಾಡಿನ ಅಂಚಿನಲ್ಲಿ ಸಂಕ್ರಾಂತಿ ಕಳೆಯುತ್ತಿದ್ದಂತೆ ಒಂದೆರಡು ಕೋಗಿಲೆ ದನಿ ತೆಗೆದರೆ ಬೇಗ ಬಂದ ವಸಂತವನ್ನು ಹುಡುಕುವ ಬದಲು ಸುತ್ತಲ ಕಾಡುಕಾಗೆಗಳ ಕೊಕ್ಕಿನಲ್ಲಿ ಕಡ್ಡಿ ಇದೆಯೇ ನೋಡುವುದು ಒಳ್ಳೆಯದು.

ಕಾಗೆಯೇ ಗತಿಯೆಂದಲ್ಲ. ಬಾಂಗ್ಲಾದೇಶದಲ್ಲಿ ಗೊರವಂಕದ ಗೂಡಿನಲ್ಲೂ, ಉದ್ದಬಾಲದ ಕಳಿಂಗ ಹಕ್ಕಿಯ ಗೂಡಿನಲ್ಲೂ ಕೋಗಿಲೆ ಮೊಟ್ಟೆ ಇಡುವುದನ್ನು ಅಧ್ಯಯನ ಮಾಡಿದ್ದಾರೆ. ಆದರೂ ನಮ್ಮ ನಗರಗಳಲ್ಲಿ ಕೋಗಿಲೆಯ ಹಣೆಬರಹ ಬರೆಯುವುದು ಕಾಗೆ, ಕಾಗೆಯದನ್ನು ಬರೆಯುವುದು ನಮ್ಮ ಕಸದ ತೊಟ್ಟಿ. ಮುಂಜಾನೆ ತಿಪ್ಪೆಯ ಮೇಲೆ ಕಾಗೆ ಇಲ್ಲದ ಬಡಾವಣೆಯಲ್ಲಿ ಉಗಾದಿಗೆ ಕುಹೂ ಕೇಳಿಸದಿದ್ದರೆ ಮಾವಿನ ಮರ ಕಡಿದದ್ದೊಂದೇ ಕಾರಣವಲ್ಲ. ಕಾನೂನಿನ ತಮಾಷೆಯನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೋಗಿಲೆ ಸಂರಕ್ಷಿತ ಹಕ್ಕಿ, ಅದನ್ನು ಸಾಕಿ ಬೆಳೆಸುವ ಮನೆಗಾಗೆ ಐದನೇ ಪರಿಶಿಷ್ಟದಲ್ಲಿ ಇಲಿ ಹೆಗ್ಗಣಗಳ ಜೊತೆ 'ಹಾನಿಕಾರಕ'. 2022ರ ತಿದ್ದುಪಡಿಯಲ್ಲಿ ಆ ಪರಿಶಿಷ್ಟ ಹೋಯಿತು. ಐವತ್ತು ವರ್ಷ ಮಗು ರಾಜನ ಮನೆಯದು, ದಾದಿ ಮಾತ್ರ ಊರಾಚೆ.

ಕಾಂಪೌಂಡಿನಲ್ಲಿ ಸಿಗುವ ಮರಿ

ಮೇ, ಜೂನ್ ತಿಂಗಳಲ್ಲಿ 'ಕಾಗೆ ಮರಿ ಬಿದ್ದಿದೆ, ಏನು ಮಾಡಲಿ' ಎಂದು ಫೋಟೋ ಹಾಕುವವರಲ್ಲಿ ಎಷ್ಟೋ ಮಂದಿಯ ಕೈಲಿರುವುದು ಕೋಗಿಲೆ ಮರಿ. ಮೊದಲು ಕಾಲು ನೋಡಿ. ಎರಡು ಬೆರಳು ಮುಂದೆ, ಎರಡು ಹಿಂದೆ ಇದ್ದರೆ ಕೋಗಿಲೆ. ಮೂರು ಮುಂದೆ, ಒಂದು ಹಿಂದೆ ಇದ್ದರೆ ಕಾಗೆ. ಇದು ಯಾವ ವಯಸ್ಸಿನಲ್ಲೂ ತಪ್ಪದ ಗುರುತು. ಕೊಕ್ಕು ಗಿಡ್ಡವಾಗಿ ತುದಿಯಲ್ಲಿ ಬಾಗಿದ್ದರೆ ಕೋಗಿಲೆ, ನೇರವಾಗಿ ದಪ್ಪಗಿದ್ದರೆ ಕಾಗೆ. ಕಣ್ಣಿನ ಕೆಂಪನ್ನು ಹುಡುಕಬೇಡಿ, ಮರಿಯಲ್ಲಿ ಅದು ಇರುವುದಿಲ್ಲ. ಕೊಕ್ಕು ಕೂಡ ಹಸಿರಲ್ಲ, ಕಪ್ಪು. ಗಂಡು ಮರಿ ಬಹುಪಾಲು ಕರಿ, ಹೆಣ್ಣು ಮರಿಯ ಮೈಮೇಲೆ ತಿಳಿ ಚುಕ್ಕೆ ಪಟ್ಟೆಗಳು ಕಾಣುತ್ತವೆ.

ಹತ್ತೊಂಬತ್ತರಿಂದ ಇಪ್ಪತ್ತೆಂಟು ದಿನಕ್ಕೆ ಅದು ಗೂಡು ಬಿಡುತ್ತದೆ. ಆದರೆ ಗೂಡು ಬಿಟ್ಟ ಮೇಲೂ ಕೆಲವು ವಾರ ಕಾಗೆಯ ತುತ್ತೇ ಗತಿ. ಹಾರಲು ಇನ್ನೂ ಸರಿಯಾಗಿ ಬಾರದೆ ಪ್ಯಾರಾಪೆಟ್ಟಿನ ಮೇಲೆ, ಕಾರಿನಡಿ, ತುಳಸಿಕಟ್ಟೆಯ ಹಿಂದೆ ಕೂತಿರುವುದು ಸಹಜ ಹಂತವೇ ಹೊರತು ಅಪಘಾತವಲ್ಲ. ಆದ್ದರಿಂದ ಮರಿಗೆ ಗಾಯವಿಲ್ಲದಿದ್ದರೆ ಮಾಡಬೇಕಾದ್ದು ಒಂದೇ ಕೆಲಸ: ಬೆಕ್ಕು ನಾಯಿಗೆ ಎಟುಕದ, ನೆರಳಿರುವ, ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯುವುದು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಕಾಗೆ ಬರುತ್ತದೆ, ನೀವು ಮರಿಯನ್ನು ಎತ್ತಿದ ತಕ್ಷಣವೇ ಬರುತ್ತದೆ, ಅದೂ ನಿಮ್ಮ ನೆತ್ತಿಗೆ. ಕೊಡೆ ಬಿಚ್ಚಿಕೊಂಡೋ ಹೆಲ್ಮೆಟ್ ಹಾಕಿಕೊಂಡೋ ಈ ಕೆಲಸಕ್ಕೆ ಇಳಿಯಿರಿ. ಮುಂದಿನ ಒಂದು ವಾರ ಆ ದಾರಿಯಲ್ಲಿ ಹೋಗುವಾಗಲೂ ಎಚ್ಚರವಿರಲಿ.

ಒಳ್ಳೆಯ ಮನಸ್ಸಿನಿಂದ ಮರಿ ಸಾಯುವುದು ಎರಡು ಕಾರಣಕ್ಕೆ. ಹಾಲು, ಬ್ರೆಡ್ಡು ತಿನ್ನಿಸುವುದು ಒಂದು, ಹಕ್ಕಿಗೆ ಹಾಲು ಅರಗುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದು, ಕೊಕ್ಕು ಬಿಡಿಸಿ ನೀರು ಸುರಿಯುವುದು. ಹಕ್ಕಿಯ ಉಸಿರುದಾರಿ ನಾಲಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಯವಾಗಿದ್ದರೆ ಗಾಳಿತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ಹಕ್ಕಿಗಳನ್ನು ನೋಡುವ ವೈದ್ಯರಲ್ಲಿಗೆ ಒಯ್ಯಬೇಕು. ಕಾಗೆಯಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಗಾಜಿಗೆ ಬಡಿದು ಬೀಳುವ ದೊಡ್ಡ ಕೋಗಿಲೆಗಳೂ ಈ ದಿನಗಳಲ್ಲಿ ಸಿಗುತ್ತವೆ. ರೆಕ್ಕೆ ಮುರಿದಿಲ್ಲವಾದರೆ ಅವುಗಳಿಗೆ ಬೇಕಾದ್ದು ಒಂದೆರಡು ಗಂಟೆಯ ಕತ್ತಲು, ನಿಶ್ಶಬ್ದ. ಚೇತರಿಸಿಕೊಂಡಾಗ ಪೆಟ್ಟಿಗೆಯೊಳಗೇ ಗುದ್ದಾಡಲು ಶುರುಮಾಡುತ್ತದೆ. ಬಿಡುವಾಗ ಸುತ್ತಮುತ್ತ ಕಾಗೆ ಇಲ್ಲದ್ದನ್ನು ನೋಡಿಕೊಂಡು, ದಟ್ಟ ಎಲೆಯ ಮರದ ಕಡೆಗೆ ಮುಖ ಮಾಡಿ ಬಿಡಿ. ಬಯಲಲ್ಲಿ ಬಿಟ್ಟರೆ ಅದೇ ಓಟ, ಅದೇ ಗಾಜು.

ತುತ್ತು ನಿಂತ ಮೇಲೆ

ಸಾಕಿದ ಕಾಗೆ ಮರಿಗೆ ಉಣಿಸುವುದು ಎಂಜಲನ್ನ, ಹುಳು, ಇಲಿಯ ಚೂರು, ಸಿಕ್ಕಿದ್ದು. ದೊಡ್ಡದಾದ ಕೋಗಿಲೆ ಮಾತ್ರ ಹಣ್ಣಿನ ಹಕ್ಕಿ. ಮಧ್ಯೆ ಮಧ್ಯೆ ಕಂಬಳಿಹುಳ, ಬಸವನಹುಳ ಇದ್ದರೂ ಹೊಟ್ಟೆ ತುಂಬುವುದು ಆಲ, ಅತ್ತಿ, ಗೋಣಿ, ಬೇವು, ಗಸಗಸೆ ಹಣ್ಣಿನಿಂದ. ನಮಗೆ ವಿಷವಾದ ಹಳದಿ ಕಣಗಿಲೆಯ ಹಣ್ಣನ್ನೂ ಅದು ತಿನ್ನುತ್ತದೆ. ಕಾಗೆಯ ಅಡುಗೆಮನೆಯಲ್ಲಿ ಬೆಳೆದ ಮರಿಗೆ ಇದನ್ನು ಕಲಿಸುವವರು ಯಾರು? ಹೆಣ್ಣು ಕೋಗಿಲೆಗಳು ಗೂಡು ಬಿಟ್ಟ ಮರಿಗಳಿಗೆ ತುತ್ತು ಕೊಡುವುದನ್ನು ಹಕ್ಕಿ ನೋಡುವ ಅನೇಕರು ದಾಖಲಿಸಿದ್ದಾರೆ. ಅದು ತಾಯಿಯೇ, ತನ್ನದೇ ಮರಿಯನ್ನು ಗುರುತಿಸಿಯೇ ಬಂದಿತೇ ಎಂಬ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ಆದರೆ ಇಟ್ಟು ಹೋದವಳು ತಿರುಗಿ ನೋಡುವುದೇ ಇಲ್ಲ ಎಂಬ ನಮ್ಮ ತೀರ್ಪಿಗೆ ಅಲ್ಲೊಂದು ತೂತು ಬಿದ್ದಿದೆ.

ಈ ಹಣ್ಣಿನ ಚಪಲದಲ್ಲೇ ಕರ್ನಾಟಕಕ್ಕೆ ಹತ್ತಿರವಾದ ಒಂದು ವಿಷಯವಿದೆ. ಶ್ರೀಗಂಧದ ಹಣ್ಣನ್ನು ತಿಂದು ಬೀಜ ಹರಡುವ ಮುಖ್ಯ ಹಕ್ಕಿಗಳಲ್ಲಿ ಕೋಗಿಲೆ ಒಂದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಕೆಲಸವೊಂದು ಇದರ ಒಳಲೆಕ್ಕವನ್ನು ತೋರಿಸುತ್ತದೆ. ಬೀಜ ದಪ್ಪವಿದ್ದರೆ ಸಸಿ ಗಟ್ಟಿಯಾಗಿ ಏಳುತ್ತದೆ, ಆದರೆ ಕೋಗಿಲೆ ಅದನ್ನು ತಾಯಿಮರದ ಕೆಳಗೇ ಕಕ್ಕಿಬಿಡುತ್ತದೆ. ಬೀಜ ಸಣ್ಣದಿದ್ದರೆ ಹೊಟ್ಟೆಯೊಳಗೆ ಹೋಗಿ ದೂರದಲ್ಲಿ ಬೀಳುತ್ತದೆ, ಆದರೆ ಸಸಿ ಸೊರಗಿರುತ್ತದೆ. ಗಂಧದ ಮರ ಈ ಎರಡರ ನಡುವೆ ತೂಗಿಕೊಂಡು ಬದುಕಬೇಕು. ಬೇಲಿಯ ಸಾಲಿನಲ್ಲಿ, ವಿದ್ಯುತ್ ತಂತಿಯ ಕೆಳಗೆ ಯಾರೂ ನೆಡದ ಗಂಧದ ಸಸಿ ಎದ್ದಿದ್ದರೆ ಮೇಲೆ ಕೂತು ಹೋದವರು ಯಾರೆಂದು ಊಹಿಸಬಹುದು.

ಆಗಸ್ಟ್ ಕಳೆಯುವಷ್ಟರಲ್ಲಿ ಕೂಗು ತೆಳ್ಳಗಾಗುತ್ತದೆ. ಪಕ್ಷಮಾಸ ಬರುವಾಗ ಪೂರ್ತಿ ನಿಂತಿರುತ್ತದೆ. ಮಾಳಿಗೆಯ ಮೇಲೆ ಬಾಳೆಎಲೆಯಲ್ಲಿ ಅನ್ನದ ಉಂಡೆ, ವಡೆ ಇಟ್ಟು, ಕಾ ಕಾ ಎಂದು ಕರೆದು ಕಾಯುತ್ತೇವೆ. ಪಕ್ಕದ ಗಸಗಸೆ ಹಣ್ಣಿನ ಮರದಲ್ಲಿ ಎಲೆಯ ಮರೆಗೆ ಸರಿದು, ಕೊಕ್ಕಿನ ಕಪ್ಪು ಇನ್ನೂ ಪೂರ್ತಿ ಹೋಗದ ಎಳೆಯ ಗಂಡು ಕೋಗಿಲೆಯೊಂದು ಸದ್ದಿಲ್ಲದೆ ಹಣ್ಣು ನುಂಗುತ್ತಿರುತ್ತದೆ. ಎಲೆಗೆ ಇಳಿದ ಕಾಗೆ ಒಂದು ತುತ್ತು ಎತ್ತಿ, ತಲೆ ಓರೆ ಮಾಡಿ ಆ ಮರದ ಕಡೆ ನೋಡುತ್ತದೆ. ಮರುಗಳಿಗೆ ವಡೆಯನ್ನು ಅಲ್ಲೇ ಬಿಟ್ಟು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ.